ನಾಲ್ಕನೇ ನಂಬರಿನ ಬಾಯಿ

ಮೇ 3

ಪೂಜ್ಯ ಮಾವನವರಿಗೆ,

ಸೊಸೆಯ ನಮಸ್ಕಾರಗಳು. ನಾನು ಕ್ಷೇಮ. ಈ ನದಿಯಲ್ಲಿ ಮೊಸಳೆ ಇದೆಯಂತೆ, ಆದರೆ ಹದಿನೆಂಟು ದಿನದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿಲ್ಲ, ನಾನು ಅದರ ಕಣ್ಣಿಗೆ ಬಿದ್ದಿಲ್ಲ ಎಂದು ಅತ್ತೆಯವರಿಗೆ ಧೈರ್ಯ ಹೇಳಿ.

ನಮ್ಮ ದೋಣಿ ಆಸ್ಪತ್ರೆಯಲ್ಲಿ ಒಟ್ಟು ಐದು ಜನ ಇದ್ದೇವೆ. ದೊಡ್ಡ ಡಾಕ್ಟರು, ನರ್ಸಮ್ಮ, ಕಾಂಪೌಂಡರು, ದೋಣಿ ನಡೆಸುವವರು ಮತ್ತು ನಾನು. ಎಲ್ಲರೂ ಸಂಬಳವಿಲ್ಲದೆ ಬಂದವರಾದ್ದರಿಂದ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ನನ್ನ ಹಲ್ಲಿನ ಕುರ್ಚಿ ನಿಜಕ್ಕೂ ಕ್ಷೌರದಂಗಡಿಯಿಂದ ಬಂದದ್ದು. ಅದನ್ನು ಇಂಜಿನ್ ಪಕ್ಕದಲ್ಲಿ ಬೋಲ್ಟು ಹಾಕಿ ಕೂರಿಸಿದ್ದಾರೆ. ಇಂಜಿನ್ ಓಡಿದರೆ ನನ್ನ ಕೊರೆಯುವ ಯಂತ್ರವೂ ಓಡುತ್ತದೆ, ಆದರೆ ಆಗ ದೋಣಿಯೂ ಓಡುತ್ತದೆ. ಹಾಗಾಗಿ ಒಂದು ಹಳ್ಳಿಯಲ್ಲಿ ಹಲ್ಲು ತೋರಿಸಲು ಹತ್ತಿದವರು ಮುಂದಿನ ಹಳ್ಳಿಯಲ್ಲಿ ಇಳಿಯುತ್ತಾರೆ. ಜನ ಇದನ್ನು ಹಲ್ಲಿನ ಬಸ್ಸು ಎಂದು ಕರೆಯುತ್ತಾರೆ.

ಫೋನು ಇಲ್ಲಿ ಗಡಿಯಾರ ನೋಡಲು ಮಾತ್ರ. ಹತ್ತು ದಿನಕ್ಕೊಮ್ಮೆ ಔಷಧಿ ತರುವ ಸರಕು ದೋಣಿಯೇ ನಮ್ಮ ಅಂಚೆ. ಅದರಲ್ಲೇ ಏಳು ಜನರ ಬಾಯಿಯ ಅಚ್ಚುಗಳನ್ನು ಹುಲ್ಲಿನಲ್ಲಿ ಸುತ್ತಿ ಕಳಿಸಿದ್ದೇನೆ. ಏಳಕ್ಕೂ ನಿಮ್ಮ ಕೈಯಿಂದ ಪೂರ್ತಿ ಹಲ್ಲಿನ ಸೆಟ್ಟು ಬೇಕು.

ನಾಲ್ಕನೇ ನಂಬರಿನವರ ಬಗ್ಗೆ ಎರಡು ಮಾತು. ಅರವತ್ತೊಂಬತ್ತು ವರ್ಷದ ಅಜ್ಜ. ನದಿಯ ತಿರುವಿನಲ್ಲಿರುವ ಬಂಡೆಯ ಮೇಲೆ ಕೂತು ದೋಣಿಗಳಿಗೆ ಸಿಳ್ಳೆ ಹಾಕುವುದು ಅವರ ಕೆಲಸ. ಎಲ್ಲರಿಗೂ ಅವರು ಸಿಳ್ಳೆ ಅಜ್ಜ. ಉಳಿದಿದ್ದ ಐದು ಹಲ್ಲುಗಳಲ್ಲಿ ಕೀವು ತುಂಬಿದ್ದರಿಂದ ಅವುಗಳನ್ನು ತೆಗೆಯಲಾಯಿತು. ಅಂದಿನಿಂದ ಸಿಳ್ಳೆ ನಿಂತಿದೆ. ಜುಲೈ ಮಧ್ಯಕ್ಕೆ ನೀರು ಏರುತ್ತದಂತೆ. ಅಷ್ಟರಲ್ಲಿ ಸಿಳ್ಳೆ ಬರದಿದ್ದರೆ ಬಂಡೆಯ ಮೇಲೆ ಒಂದು ಕಬ್ಬಿಣದ ಹಳಿ ನೇತುಹಾಕಿ, ಬಡಿಯಲು ಬೇರೆಯವರನ್ನು ಕೂರಿಸುತ್ತಾರೆ. ಅಜ್ಜನಿಗೆ ಆ ಬಂಡೆ ಬಿಟ್ಟರೆ ಬೇರೆ ಬದುಕಿಲ್ಲ. ದಯವಿಟ್ಟು ಅವರದ್ದನ್ನು ಮೊದಲು ಮಾಡಿ. ಹಲ್ಲು ತೆಗೆಯುವ ಮುಂಚಿನ ಅಚ್ಚನ್ನೂ ಜೊತೆಗೆ ಇಟ್ಟಿದ್ದೇನೆ.

ನಿಮ್ಮ ಸೊಸೆ


ಮೇ 14

ಡಾಕ್ಟರ್ ಸೊಸೆಗೆ,

ಆಶೀರ್ವಾದಗಳು. ಮೊದಲು ಕೆಲಸದ ಮಾತು. ಒಂದು, ಎರಡು ಮತ್ತು ಐದನೇ ಅಚ್ಚಿನಲ್ಲಿ ಗಾಳಿಗುಳ್ಳೆಗಳಿವೆ. ಪ್ಲಾಸ್ಟರ್ ಕಲಸುವಾಗ ಅವಸರ ಮಾಡಬಾರದು ಎಂದು ನಿನಗೆ ಹೇಳಿದ್ದೆ. ಆರನೇ ಅಚ್ಚಿನೊಳಗೆ ಒಂದು ಇರುವೆ ಸಿಕ್ಕಿದೆ. ಅದು ರೋಗಿಯ ಬಾಯಿಯದ್ದೋ ದೋಣಿಯದ್ದೋ ತಿಳಿಸು.

ಏಳೂ ಸೆಟ್ಟು ತಯಾರಿಸಿ ಕಳಿಸಿದ್ದೇನೆ. ನಾಲ್ಕನೆಯದಕ್ಕೆ ವಿಶೇಷ ಶ್ರಮ ಹಾಕಿದ್ದೇನೆ. ಹಳೆಯ ಅಚ್ಚು ನೋಡಿ ಸಂಕಟವಾಯಿತು. ಮುಂದಿನ ಎರಡು ಹಲ್ಲಿನ ನಡುವೆ ಒಂದು ಬೆಂಕಿಕಡ್ಡಿ ತೂರುವಷ್ಟು ಸಂದು! ಪಾಪ, ಅರವತ್ತೊಂಬತ್ತು ವರ್ಷ ಆ ಮನುಷ್ಯ ಈ ಕುಂದು ಹೊತ್ತು ತಿರುಗಿದ್ದಾನೆ. ನಾನು ಅದನ್ನು ಪೂರ್ತಿ ಮುಚ್ಚಿದ್ದೇನೆ. ದೇವರು ಮಾಡಿದ ತಪ್ಪು ತಿದ್ದುವುದೇ ನಮ್ಮ ಕಸುಬು. ಸಿಳ್ಳೆಯ ಸಂಗತಿ ಓದಿದೆ. ವಯಸ್ಸಾದವರಿಗೆ ಇಂಥ ಒಂದೊಂದು ಚಟ ಇರುತ್ತದೆ. ಕನ್ನಡಿಯಲ್ಲಿ ಹೊಸ ಹಲ್ಲು ನೋಡಿಕೊಂಡ ಮೇಲೆ ತಾನಾಗಿ ಬಿಟ್ಟುಹೋಗುತ್ತದೆ.

ಮನೆಯಲ್ಲಿ ಎಲ್ಲರೂ ಸೌಖ್ಯ. ನಿನ್ನ ಗಂಡ ಪಾಠ ಮಾಡಲು ಶಾಲೆಗೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ. ಹುಟ್ಟಿದಾಗಿನಿಂದ ಅವನಲ್ಲಿ ಇದಕ್ಕಿಂತ ಹೆಚ್ಚಿನ ಸುದ್ದಿ ಇಲ್ಲ. ಮೊಸಳೆಯ ಮಾತನ್ನು ನಿಮ್ಮತ್ತೆಗೆ ಹೇಳಲಿಲ್ಲ. ನೀನೂ ಇನ್ನು ಬರೆಯಬೇಡ.

ಮಾವ


ಮೇ 25

ಪೂಜ್ಯ ಮಾವನವರಿಗೆ,

ನಮಸ್ಕಾರಗಳು. ಇರುವೆ ದೋಣಿಯದ್ದು.

ಸೆಟ್ಟುಗಳ ಬಗ್ಗೆ ಏನು ಹೇಳಲಿ! ಎರಡನೇ ನಂಬರಿನ ಅಜ್ಜಿ ಹಾಕಿಕೊಂಡ ಕೂಡಲೇ ಒಂದು ಹಿಡಿ ಕಡಲೆಬೀಜ ತರಿಸಿ ನನ್ನೆದುರೇ ಕುಟುಕುಟು ತಿಂದು, ಸಿಪ್ಪೆ ಕೊಡವಿ ಎದ್ದು ಹೋದರು. ಹೊಗಳಿಕೆ ಅಂದರೆ ಅದು. ಅಜ್ಜನಿಗಂತೂ ಹತ್ತು ವರ್ಷ ಕಡಿಮೆಯಾಯಿತು. ಹೆಂಗಸರು ನೀರು ತುಂಬಿಸುವ ನೆಪ ಮಾಡಿಕೊಂಡು ಬಂಡೆಯ ಹತ್ತಿರ ಹೋಗಿ ನೋಡಿ ಬರುತ್ತಿದ್ದಾರೆ. ಬಲೆ ಹೆಣೆಯುವ ವಿಧವೆಯೊಬ್ಬರು, "ಅಜ್ಜಂಗೆ ಮನೇಲಿ ಯಾರ್ಯಾರಿದಾರೆ?" ಎಂದು ನನ್ನನ್ನೇ ವಿಚಾರಿಸಿದರು.

ಆದರೆ ಮಾವನವರೇ, ಸಿಳ್ಳೆ ಬರಲಿಲ್ಲ. ಬರೀ ಗಾಳಿ. ಅಜ್ಜ ಮೂರು ದಿನ ಊದಿದರು. ಕೊನೆಗೆ ಹಲ್ಲು ತೆಗೆದು ಜೇಬಿಗೆ ಹಾಕಿಕೊಂಡು, "ಚಂದ ಇದೆ ಡಾಕ್ಟರಮ್ಮ, ಏನೂ ದೂರಲ್ಲ. ಆದ್ರೆ ಇದು ಬೇರೆಯೋರ ಬಾಯಿ" ಎಂದರು.

ಇದು ಚಟ ಅಲ್ಲ. ತಿರುವಿನಲ್ಲಿ ನದಿ ಎರಡು ಬಂಡೆಗಳ ನಡುವೆ ಒಂದೇ ದೋಣಿ ಹಿಡಿಸುವಷ್ಟು ಕಿರಿದಾಗುತ್ತದೆ. ಮೇಲಿಂದ ಬರುವವರಿಗೆ ಕೆಳಗಿನವರು ಕಾಣುವುದಿಲ್ಲ. ಯಾರು ನಿಲ್ಲಬೇಕು, ಯಾರು ನುಗ್ಗಬೇಕು ಎಂದು ಹೇಳುವುದು ಆ ಸಿಳ್ಳೆ. ಮೊನ್ನೆ ಸಿಳ್ಳೆ ಇಲ್ಲದೆ ನಮ್ಮ ದೋಣಿಗೂ ಒಂದು ಕೋಳಿ ಸಾಗಿಸುವ ದೋಣಿಗೂ ಮುಖಾಮುಖಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ಮೂವತ್ತು ಕೋಳಿಗಳು ನಮ್ಮ ಆಸ್ಪತ್ರೆಯೊಳಗೆ ದಾಖಲಾದವು ಅಷ್ಟೇ. ದೊಡ್ಡ ಡಾಕ್ಟರ ಮೇಜಿನ ಮೇಲೆ ಒಂದು ಮೊಟ್ಟೆಯೂ ಸಿಕ್ಕಿತು.

ನೀವು ಮುಚ್ಚಿದ ಸಂದೇ ಅಜ್ಜನ ಸಿಳ್ಳೆಯ ದಾರಿ. ಹಳೆಯ ಅಚ್ಚಿನಲ್ಲಿದ್ದಷ್ಟೇ ಸಂದು ಬಿಟ್ಟು ಇನ್ನೊಂದು ಸೆಟ್ಟು ಮಾಡಿಕೊಡಿ. ಇಷ್ಟೇ ನನ್ನ ಕೋರಿಕೆ.

ನಿಮ್ಮ ಸೊಸೆ


ಜೂನ್ 4

ಡಾಕ್ಟರ್ ಸೊಸೆಗೆ,

ನಿನ್ನ ಪತ್ರ ಓದಿ ಅರ್ಧ ದಿನ ಕೆಲಸಕ್ಕೆ ಕೈ ಹಚ್ಚಲಿಲ್ಲ.

ಮೂವತ್ತೆಂಟು ವರ್ಷದಿಂದ ಹಲ್ಲು ಕಟ್ಟುತ್ತಿದ್ದೇನೆ. ಡಾಕ್ಟರುಗಳು ಬೇಜಾನ್ ತಪ್ಪು ಅಚ್ಚು ಕಳಿಸಿದ್ದಾರೆ, ಎಲ್ಲವನ್ನೂ ಸರಿಮಾಡಿ ಕೊಟ್ಟಿದ್ದೇನೆ. ಒಂದೇ ಒಂದು ಸೆಟ್ಟಿನಲ್ಲಿ ಸಂದು ಬಿಟ್ಟವನಲ್ಲ. ಬೇಕೆಂದೇ ಕೆಟ್ಟ ಹಲ್ಲು ಕಟ್ಟು ಎಂದು ನನ್ನ ಮನೆಯ ಸೊಸೆಯೇ ಬರೆಯುವ ಕಾಲ ಬಂತು. ದರ್ಜಿಯ ಹತ್ತಿರ ಹೋಗಿ ತೂತಿರುವ ಅಂಗಿ ಹೊಲಿದುಕೊಡಿ ಎಂದು ಯಾರಾದರೂ ಕೇಳುತ್ತಾರೆಯೇ? ನಾಳೆ ಆ ಅಜ್ಜ ಬಾಯಿ ತೆರೆದಾಗ ನೋಡಿದವರು ಏನೆನ್ನುತ್ತಾರೆ? ಯಾವನೋ ಕೈಬಾರದವನು ಮಾಡಿದ್ದು ಎನ್ನುತ್ತಾರೆ.

ಸಮಸ್ಯೆಗೆ ಪರಿಹಾರ ಸುಲಭವಾಗಿದೆ. ಆಟದ ಮೈದಾನದಲ್ಲಿ ಊದುವ ಪೀಪಿ ಎರಡು ಕಳಿಸಿದ್ದೇನೆ. ಒಂದು ಕಳೆದುಹೋದರೆ ಇನ್ನೊಂದು ಇರಲಿ. ಕೊರಳಿಗೆ ಹಾಕಿಕೊಳ್ಳಲು ನಿಮ್ಮತ್ತೆ ದಾರವನ್ನೂ ಪೋಣಿಸಿದ್ದಾಳೆ. ಈ ವಿಷಯ ಇಲ್ಲಿಗೆ ಮುಗಿಯಿತು.

ಕೋಳಿಗಳ ಸುದ್ದಿ ಕೇಳಿ ನಿಮ್ಮತ್ತೆ ನಕ್ಕಳು. ಆಮೇಲೆ, "ಎರಡು ದೋಣಿ ಡಿಕ್ಕಿ ಹೊಡೆದ್ರೆ ಕೋಳಿಗೆ ಮಾತ್ರ ಗಾಬರಿಯಾಗುತ್ತಾ?" ಎಂದು ಕೇಳಿದಳು. ನಿನಗೇನೂ ಪೆಟ್ಟಾಗಿಲ್ಲ ತಾನೆ?

ಮಾವ


ಜೂನ್ 14

ಮಾವನವರಿಗೆ,

ನಮಸ್ಕಾರ. ಪೀಪಿ ತಲುಪಿದವು. ಒಂದನ್ನು ಕಾಂಪೌಂಡರು ಕಿತ್ತುಕೊಂಡರು. ಈಗ ಔಷಧಿಯ ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಪೀಪಿ ಊದಿ ಹಿಂದಕ್ಕೆ ಕಳಿಸುತ್ತಾರೆ. ಮನುಷ್ಯನಿಗೆ ಅಧಿಕಾರದ ರುಚಿ ಹತ್ತಿಬಿಟ್ಟಿದೆ, ನಿನ್ನೆ ದೊಡ್ಡ ಡಾಕ್ಟರಿಗೇ ಊದಿದರು.

ಇನ್ನೊಂದನ್ನು ಅಜ್ಜ ನಿಮ್ಮ ಮೇಲಿನ ಗೌರವಕ್ಕೆ ಎರಡು ದಿನ ಊದಿದರು. ಒಂದು ದೋಣಿಯೂ ನಿಲ್ಲಲಿಲ್ಲ. ಅಂಥ ಪೀಪಿ ದಡದ ಮಕ್ಕಳೆಲ್ಲರ ಹತ್ತಿರವೂ ಇದೆ. ಅದೂ ಅಲ್ಲದೆ ಅಜ್ಜನ ಸಿಳ್ಳೆಯಲ್ಲಿ ಸುದ್ದಿ ಇರುತ್ತದೆ. ಗಿಡ್ಡ ಸಿಳ್ಳೆ ಎಂದರೆ ಮೇಲಿಂದ ಬರುತ್ತಿದ್ದಾರೆ. ಎರಡು ಸಲ ಎಂದರೆ ಕೆಳಗಿಂದ. ಕೊನೆ ಇಳಿದರೆ ಭಾರದ ದೋಣಿ. ಬಾಲ ಉದ್ದವಾಗಿ ಎಳೆದು ನಡುಗಿಸಿದರೆ ಒಳಗೆ ಕಾಯಿಲೆಯವರಿದ್ದಾರೆ, ಎಲ್ಲರೂ ದಡಕ್ಕೆ ಸರಿಯಬೇಕು. ಪೀಪಿಗೆ ಇದೆಲ್ಲ ಎಲ್ಲಿಂದ ಬರಬೇಕು? ಕಬ್ಬಿಣದ ಹಳಿಗಾದರೂ ಎಲ್ಲಿಂದ ಬರಬೇಕು? ಆದರೆ ಹಳಿ ಬಂದೇಬಿಟ್ಟಿದೆ. ಅಜ್ಜನ ಪಕ್ಕದಲ್ಲೇ ಒರಗಿಸಿಟ್ಟಿದ್ದಾರೆ. ಜುಲೈ ಹದಿನೈದಕ್ಕೆ ಊರಿನವರೆಲ್ಲ ಸೇರಿ ತೀರ್ಮಾನ ಮಾಡುತ್ತಾರಂತೆ.

ಅತ್ತೆಯವರ ಪ್ರಶ್ನೆಗೆ ಉತ್ತರ: ಎಡಗೈ ಮಣಿಕಟ್ಟು ಉಳುಕಿತ್ತು, ಈಗ ಹೆಚ್ಚುಕಡಿಮೆ ಸರಿಹೋಗಿದೆ. ಬರೆಯದಿದ್ದದ್ದು ತಪ್ಪು.

ಇನ್ನೊಂದನ್ನೂ ಬರೆದಿರಲಿಲ್ಲ. ಹಲ್ಲು ತೆಗೆಯಲಾಯಿತು ಎಂದು ಬರೆದೆ, ತಾನಾಗಿ ಉದುರಿದ ಹಾಗೆ. ಕಿತ್ತವಳು ನಾನು. "ಮುಂದಿನ ಎರಡು ಬಿಟ್ಬಿಡಮ್ಮ, ನೋವು ತಡ್ಕೋತೀನಿ" ಎಂದು ಅಜ್ಜ ಕೈ ಮುಗಿದಿದ್ದರು. ನಾನು ಅದನ್ನು ಹೆದರಿಕೆ ಎಂದುಕೊಂಡು ಬೆನ್ನು ತಟ್ಟಿ ಕಿತ್ತೆ. ಕೀವು ಇದ್ದದ್ದು ನಿಜ, ಬಿಡುವ ಹಾಗಿರಲಿಲ್ಲ. ಆದರೆ ಯಾಕೆ ಬಿಡಬೇಕು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಆದ್ದರಿಂದ ಇದೇ ಕೊನೆಯ ಸಲ ಕೇಳುತ್ತೇನೆ. ನೀವು ಮಾಡದಿದ್ದರೆ ನಾನೇ ನನ್ನ ಯಂತ್ರದಿಂದ ನಿಮ್ಮ ಸೆಟ್ಟಿನಲ್ಲಿ ಸಂದು ಕೊರೆಯುತ್ತೇನೆ. ಅದೂ ಚಲಿಸುವ ದೋಣಿಯಲ್ಲಿ.

ಸೊಸೆ


ಜುಲೈ 4

ಮಾವನವರಿಗೆ,

ಎರಡು ಸರಕು ದೋಣಿ ಬಂದು ಹೋದವು. ನಿಮ್ಮಿಂದ ಒಂದು ಸಾಲೂ ಇಲ್ಲ. ಅಂಚೆ ಚೀಲವನ್ನು ಎರಡು ಸಲ ತಲೆಕೆಳಗು ಮಾಡಿ ಕೊಡವಿದೆ. ನಿಮ್ಮ ಮಗನ ಪತ್ರ ಮಾತ್ರ ಇತ್ತು. "ಎಲ್ಲಾ ಮಾಮೂಲು. ಅಪ್ಪ ಸ್ವಲ್ಪ ವಿಚಿತ್ರವಾಗಿ ಆಡ್ತಿದಾರೆ" ಎಂದು ಬರೆದಿದ್ದಾರೆ. ನಿಮ್ಮ ಸಿಟ್ಟು ಅಷ್ಟರಮಟ್ಟಿಗೆ ಹೋಗಿದೆ ಎಂದು ತಿಳಿಯಿತು.

ಕೊರೆಯುತ್ತೇನೆ ಎಂದು ಬರೆದದ್ದು ದುಡುಕು. ನಿಜ ಹೇಳಬೇಕೆಂದರೆ ಕೊರೆಯಲು ಕೂತೂ ಇದ್ದೆ. ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಒಸಡಿನ ಅಂಚಿನಲ್ಲಿ ನೀವು ಕೊಟ್ಟಿರುವ ನಸುಗೆಂಪು ಕಂಡಿತು. ಯಾರೂ ನೋಡದ ಜಾಗದಲ್ಲೂ ಅಷ್ಟು ಅಚ್ಚುಕಟ್ಟು. ಕೈ ಬರಲಿಲ್ಲ, ಹಾಗೇ ಪೆಟ್ಟಿಗೆಯಲ್ಲಿಟ್ಟೆ.

ನದಿ ಆಗಲೇ ಎರಡು ಮೆಟ್ಟಿಲು ಏರಿದೆ. ಹಳಿಯನ್ನು ನೇತುಹಾಕಿ ಆಯಿತು. ಅಜ್ಜ ಈಗಲೂ ದಿನಾ ಬಂದು ಅದರ ಪಕ್ಕದಲ್ಲೇ ಕೂರುತ್ತಾರೆ, ದೋಣಿ ಬಂದಾಗ ಟವೆಲ್ ಬೀಸುತ್ತಾರೆ. ಯಾರೂ ನೋಡುವುದಿಲ್ಲ. ಬೈದಾದರೂ ಸರಿ, ಎರಡು ಸಾಲು ಬರೆಯಿರಿ.

ಸೊಸೆ


ಜುಲೈ 5

ಸೊಸೆಗೆ,

ಆಶೀರ್ವಾದಗಳು. ಇಷ್ಟು ದಿನ ಬರೆಯಲಾಗಲಿಲ್ಲ. ನನಗೆ ಬಿಡುವಿರಲಿಲ್ಲ, ಸಿಳ್ಳೆ ಹಾಕುತ್ತಿದ್ದೆ.

ನಗಬೇಡ, ಪೂರ್ತಿ ಓದು. ಅಜ್ಜ ಕೈ ಮುಗಿದದ್ದನ್ನು ನೀನು ಬರೆದೆಯಲ್ಲ, ಅದು ಮನಸ್ಸಿಗೆ ನಾಟಿತು. ಹಳೆಯ ಅಚ್ಚಿನ ಸಂದು ಅಳೆದು, ಅಷ್ಟೇ ಬಿಟ್ಟು ಒಂದು ಸೆಟ್ಟು ಮಾಡಿದೆ. ಮಾಡುವಾಗ ಬಾಗಿಲು ಹಾಕಿಕೊಂಡಿದ್ದೆ, ಕಳ್ಳಸಾರಾಯಿ ಕಾಯಿಸುವವನ ಹಾಗೆ. ಆದರೆ ಅದು ಸಿಳ್ಳೆ ಹೊಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಹೇಗೆ? ನಿನ್ನ ಗಂಡನನ್ನು ಕೂರಿಸಿ ಸಿಳ್ಳೆ ಹಾಕು ಎಂದೆ. "ಯಾಕಪ್ಪ?" ಎಂದ. "ವಿಜ್ಞಾನಕ್ಕೆ" ಎಂದೆ. ಹಾಕಿದ. ಅವನಿಗೆ ಮೂವತ್ತೆರಡೂ ಹಲ್ಲಿದೆ, ಅದರಿಂದ ನನಗೇನು ಪ್ರಯೋಜನ? ಇದಕ್ಕೆ ಹಲ್ಲಿಲ್ಲದ ಬಾಯಿಯೇ ಬೇಕು.

ಈಗ ಬರೆಯುವುದನ್ನು ನೀನು ಯಾರಿಗೂ ಹೇಳಬಾರದು, ನಿನ್ನ ಗಂಡನಿಗೂ. ನನ್ನ ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ. ಹದಿನೇಳು ವರ್ಷವಾಯಿತು. ಒಸಡಿನ ಕಾಯಿಲೆಯಿಂದ ಎಲ್ಲಾ ಹೋದವು. ಹಲ್ಲು ಕಟ್ಟುವವನ ಬಾಯೇ ಖಾಲಿ ಎಂದು ಗೊತ್ತಾದರೆ ಯಾವ ಡಾಕ್ಟರು ಕೆಲಸ ಕೊಡುತ್ತಾನೆ ಎಂದು ಹೆದರಿ, ನನ್ನ ಸೆಟ್ಟನ್ನು ನಾನೇ ಕಟ್ಟಿಕೊಂಡೆ. ನಿಮ್ಮತ್ತೆ ಒಬ್ಬಳಿಗೇ ಗೊತ್ತು. ನಿನಗೆ ಆಘಾತವಾಗಿರಬಹುದು, ಸಾವರಿಸಿಕೊಂಡು ಮುಂದೆ ಓದು.

ನನ್ನ ಬಾಯಿಗೆ ಹೊಂದುವ ಹಾಗೆ ಸಂದಿರುವ ಒಂದು ಸೆಟ್ಟು ಮಾಡಿಕೊಂಡು ಊದಿದೆ. ಬರಲಿಲ್ಲ! ಸಂದು ಅಗಲ ಮಾಡಿದೆ. ಉಗುಳು ಬಂತು. ಎಂಟು ದಿನವಾದ ಮೇಲೆ ಹೊಳೆಯಿತು: ಸಂದು ಬರೀ ಬಾಗಿಲು, ಸಿಳ್ಳೆ ಹುಟ್ಟುವುದು ಹಿಂದೆ, ಅಂಗುಳಿನಲ್ಲಿ. ಸೆಟ್ಟಿನ ಅಂಗುಳಿನ ಮುಂಭಾಗದಲ್ಲಿ ನಾನು ಯಾವಾಗಲೂ ದಪ್ಪ ಬಿಟ್ಟು ನುಣ್ಣಗೆ ಉಜ್ಜುತ್ತೇನೆ, ಅದೇ ನನ್ನ ಹೆಮ್ಮೆ. ಆದರೆ ನಾಲಿಗೆಗೆ ಕೂರಲು ಅಲ್ಲಿ ಜಾಗವೇ ಇರಲಿಲ್ಲ. ತೆಳುವಾಗಿಸಿದೆ. ನಿಜವಾದ ಅಂಗುಳಿನಲ್ಲಿರುವ ಹಾಗೆ ಸಣ್ಣ ಸುಕ್ಕುಗಳನ್ನೂ ಎಬ್ಬಿಸಿದೆ. ಐದನೇ ಸೆಟ್ಟಿಗೆ ಸಿಳ್ಳೆ ಬಂತು. ಎಂಥ ಸಿಳ್ಳೆ ಅಂತೀಯ! ಬೀದಿಯಲ್ಲಿ ಹೋಗುತ್ತಿದ್ದ ಟ್ಯಾಕ್ಸಿ ನಿಂತಿತು.

ಅನಾಹುತವೂ ಆಯಿತು. ಎದುರು ಮನೆಯ ಟೈಪಿಂಗ್ ಟೀಚರು ಮನೆಗೇ ಬಂದು ದೂರು ಕೊಟ್ಟರು. ಅವರು ಹೋದ ಮೇಲೆ ನಿಮ್ಮತ್ತೆ, "ಮೂವತ್ತಾರು ವರ್ಷದಲ್ಲಿ ನನ್ನನ್ನ ನೋಡಿ ಒಂದ್ಸಲನಾದ್ರೂ ಸಿಳ್ಳೆ ಹಾಕಿದೀರಾ? ಈಗ ಕಿಟಕಿ ತೆಗೆದಿಟ್ಕೊಂಡು ಯಾರಿಗೆ ಹಾಕ್ತಿರೋದು?" ಎಂದು ಕೇಳಿದಳು. ಅಂಗುಳಿನ ದಪ್ಪದ ವಿಷಯ ವಿವರಿಸಿದೆ. ನಂಬಲಿಲ್ಲ. ನಾಲ್ಕು ದಿನ ಮಾತು ಬಿಟ್ಟಳು.

ಅಜ್ಜನ ಅಚ್ಚಿನ ಮೇಲೆ ಅದೇ ಲೆಕ್ಕದಲ್ಲಿ ಮಾಡಿದ ಸೆಟ್ಟು ಇದರೊಂದಿಗಿದೆ. ನಾಲಿಗೆಯ ತುದಿ ಮೂರನೇ ಸುಕ್ಕಿನ ಮೇಲಿರಲಿ ಎಂದು ಹೇಳು. ಇದನ್ನು ಯಾರು ಮಾಡಿದರು ಎಂದು ಕೇಳಿದರೆ ಗೊತ್ತಿಲ್ಲ ಎನ್ನು. ನಮ್ಮ ಕಸುಬಿನವರು ಯಾರಾದರೂ ನೋಡಿದರೆ ನನ್ನ ಮಾನ ಹೋಗುತ್ತದೆ.

ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡು.

ಮಾವ


ಜುಲೈ 17

ಪ್ರೀತಿಯ ಮಾವ,

ನಿಮ್ಮ ಸೆಟ್ಟು ಹದಿನಾಲ್ಕಕ್ಕೆ ಬಂತು. ಹದಿನೈದರ ಬೆಳಗ್ಗೆ ಎರಡು ದಡದಲ್ಲೂ ಜನ ಸೇರಿದ್ದರು. ನೀರು ಬಂಡೆಯ ಕಾಲಿಗೆ ಬಡಿಯುತ್ತಿತ್ತು. ಮೊದಲು ಹಳಿ ಬಡಿಯುವವರ ಸರದಿ. ಢಣ್ ಎಂದು ಬಡಿದದ್ದೇ ತಡ ಮೇಲಿನ ದೋಣಿಯೂ ನಿಂತಿತು, ಕೆಳಗಿನದೂ ನಿಂತಿತು. ಇನ್ನೊಮ್ಮೆ ಬಡಿದರು, ಎರಡೂ ಹೊರಟವು. ದಡದಿಂದ ಎಲ್ಲರೂ ಒಟ್ಟಿಗೆ ಕೂಗಿದ್ದರಿಂದ ಬಚಾವಾದವು.

ಅಜ್ಜ ನನಗೆ ಬೆನ್ನು ಹಾಕಿ ನಿಂತು ಸೆಟ್ಟು ಹಾಕಿಕೊಂಡರು. ಒಂದು ಸಲ ಊದಿದರು, ಗಾಳಿ. ಮೂರನೇ ಸುಕ್ಕು ಅಜ್ಜಾ ಎಂದು ಕೂಗಿದೆ. ಅಷ್ಟರಲ್ಲಿ ಕೆಳಗಿಂದ ಒಂದು ಸಣ್ಣ ದೋಣಿ ನೊರೆ ಎಬ್ಬಿಸಿಕೊಂಡು ಬಂತು, ಒಳಗೆ ಹೆರಿಗೆ ನೋವಿನ ಹೆಂಗಸು. ಒಳಗೆ ಯಾರಿದ್ದಾರೆ ಎಂದು ಬಂಡೆಯ ಮೇಲಿದ್ದ ಅಜ್ಜನಿಗೆ ಮಾತ್ರ ಕಾಣುತ್ತಿತ್ತು. ಮೇಲಿಂದ ಮೂರು ಭಾರದ ದೋಣಿಗಳು ತಿರುವಿಗೆ ನುಗ್ಗುತ್ತಿದ್ದವು.

ಸಿಳ್ಳೆ ಬಂತು, ಮಾವ. ಎರಡು ಸಲ, ಆಮೇಲೆ ಉದ್ದಕ್ಕೆ ಎಳೆದು, ಕೊನೆಯಲ್ಲಿ ನಡುಗಿಸಿ. ನದಿಯುದ್ದಕ್ಕೂ ಕೇಳಿತು. ಮೂರೂ ದೋಣಿ ಒಟ್ಟಿಗೆ ದಡಕ್ಕೆ ಒರಗಿದವು. ಆ ಹೆಂಗಸನ್ನು ನಮ್ಮ ದೋಣಿಗೆ ಹತ್ತಿಸಿದರು. ಹತ್ತಿರದಲ್ಲಿದ್ದದ್ದು ನನ್ನ ಕುರ್ಚಿ, ಅದರಲ್ಲೇ ಹೆರಿಗೆಯಾಯಿತು. ಹಿಂದಕ್ಕೆ ಮಲಗಿಸಿ ಕಾಲು ಎತ್ತರಿಸಲು ಇಷ್ಟು ಅನುಕೂಲದ ಕುರ್ಚಿ ಇನ್ನೊಂದಿಲ್ಲ ಎಂದು ದೊಡ್ಡ ಡಾಕ್ಟರು ಈಗ ಅದನ್ನು ತಮಗೇ ಕೊಡಬೇಕು ಎನ್ನುತ್ತಿದ್ದಾರೆ. ಹೆಣ್ಣುಮಗು, ಒಳ್ಳೆಯ ಗಂಟಲು. ಹಳಿಯನ್ನು ಬಿಚ್ಚಿ ಯಾರೋ ಬಟ್ಟೆ ಒಣಗಿಸಲು ಒಯ್ದರು. ನಾನು ಅಜ್ಜನ ಎದುರು ನಿಂತು ತಪ್ಪಾಯಿತು ಎಂದೆ. "ಬಾಯಿ ತೆಗೀರಿ ನೋಡೋಣ, ನೀವೂ ಸಿಳ್ಳೆ ಕಲೀಬೇಕು" ಎಂದು ನಕ್ಕರು. ನಾನು ಚೆನ್ನಾಗಿ ಅತ್ತುಬಿಟ್ಟೆ.

ಒಂದು ತೊಂದರೆ ಇದೆ. ಉಳಿದ ಆರು ಜನವೂ ವಾಪಸ್ ಬಂದಿದ್ದಾರೆ. ತಮಗೂ ಸಂದು ಬೇಕಂತೆ. ಕಡಲೆಬೀಜದ ಅಜ್ಜಿ, "ಅವ್ನಿಗೊಂದು, ನಮಗೊಂದಾ?" ಎಂದು ಜಗಳಕ್ಕೇ ನಿಂತಿದ್ದಾರೆ.

ನಿಮ್ಮ ಗುಟ್ಟಿನ ಬಗ್ಗೆ. ಆಘಾತವಾಗಲಿಲ್ಲ, ಕ್ಷಮಿಸಿ. ನಾನು ಮೊದಲ ಸಲ ನಿಮ್ಮ ಮನೆಗೆ ಬಂದಾಗ ನೀವು ಸೇಬನ್ನು ಕಚ್ಚದೆ ತೆಳ್ಳಗೆ ಹೆಚ್ಚಿಕೊಂಡು ತಿಂದಿರಿ, ಮೇಲಿನ ತುಟಿ ಅಲುಗಿಸದೆ ನಕ್ಕಿರಿ. ನಾನು ಹಲ್ಲಿನ ಡಾಕ್ಟರು, ಮಾವ. ಆವತ್ತೇ ಗೊತ್ತಾಯಿತು. ಇಷ್ಟು ಚೆಂದದ ಕೆಲಸ ಯಾರದ್ದಿರಬಹುದು ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಯಾರು ಮಾಡಿದರು ಎಂದು ಅಜ್ಜ ಕೇಳಿದರು. ಗೊತ್ತಿಲ್ಲ ಎಂದೆ. ಅವರು ನನ್ನನ್ನೇ ನೋಡಿ, "ಇದನ್ನ ಮಾಡ್ದೋರಿಗೂ ಬಾಯಲ್ಲಿ ಹಲ್ಲಿಲ್ಲ, ಅಲ್ವಾ ಡಾಕ್ಟರಮ್ಮ? ನಾಲಿಗೆ ಎಲ್ಲಿ ಕೂತ್ಕೋಬೇಕು ಅಂತ ಹಲ್ಲಿರೋರಿಗೆ ಗೊತ್ತಾಗಲ್ಲ. ಪಾಪ, ಎಷ್ಟು ದಿನ ಊದಿ ಊದಿ ನೋಡಿದಾರೋ, ದವಡೆ ನೋವು ಬಂದಿರುತ್ತೆ. ಹೇಗಿದೆ ಈಗ ಅಂತ ನಾನು ಕೇಳ್ದೆ ಅಂತ ಬರೀರಿ" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಹೇಗಿದೆ ಈಗ?

ನಿಮ್ಮ ಸೊಸೆ


ಜುಲೈ 27

ಮಗಳೇ,

ನಿನ್ನ ಪತ್ರ ಬಂದ ದಿನ ಊಟದ ಹೊತ್ತಿಗೆ ಧೈರ್ಯ ಮಾಡಿ ನಿನ್ನ ಗಂಡನಿಗೆ ವಿಷಯ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತದೆ, "ಗೊತ್ತಪ್ಪ, ಬಾತ್‌ರೂಮಿನ ಲೋಟದಲ್ಲಿ ಹತ್ತನೇ ಕ್ಲಾಸಲ್ಲೇ ನೋಡಿದ್ದೆ" ಎಂದ. ಹದಿನೇಳು ವರ್ಷ ನಾನು ಬಾಗಿಲಿಗೆ ಚಿಲಕ ಹಾಕಿಕೊಂಡು ಹಲ್ಲು ತೊಳೆದದ್ದು ಯಾರಿಗೋಸ್ಕರ ಎಂದು ಈಗ ಯೋಚಿಸುತ್ತಿದ್ದೇನೆ.

ಆ ಆರು ಜನಕ್ಕೆ ಸಂದು ಕೊಡಲಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳು. ಜಗಳವಾಡುವ ಅಜ್ಜಿಗೆ ಬೇಕಾದರೆ ಕೂದಲೆಳೆಯಷ್ಟು ನೋಡೋಣ. ಇನ್ನು ಮುಂದೆ ಅಚ್ಚು ಕಳಿಸುವಾಗ ಜೊತೆಗೆ ಒಂದು ಚೀಟಿ ಇರಲಿ. ಆ ಬಾಯಿಗೆ ಏನು ಕೆಲಸ, ಹಾಡುವವರೋ, ಹರಾಜು ಕೂಗುವವರೋ, ದಾರವನ್ನು ಹಲ್ಲಲ್ಲಿ ಕಡಿಯುವವರೋ, ಎಲ್ಲಾ ಕೇಳಿ ಬರೆ. ಕುರ್ಚಿಯನ್ನು ದೊಡ್ಡ ಡಾಕ್ಟರಿಗೆ ಬಿಟ್ಟುಕೊಡಬೇಡ.

ಮೂವತ್ತೆಂಟು ವರ್ಷದಲ್ಲಿ ನನ್ನ ಹತ್ತಿರ ಬಂದದ್ದು ಬರೀ ಪ್ಲಾಸ್ಟರ್ ಬಾಯಿಗಳು. ನಾನು ಕಟ್ಟಿದ ಹಲ್ಲು ಹಾಕಿಕೊಂಡವರು ಯಾರೂ ನನಗೆ ಒಂದು ಮಾತು ಹೇಳಿ ಕಳಿಸಿದವರಲ್ಲ. ಇದೇ ಮೊದಲು. ದವಡೆ ನೋವು ಇತ್ತು, ಈಗ ಕಡಿಮೆಯಾಗಿದೆ ಎಂದು ಅವರಿಗೆ ಹೇಳು. ಆ ಸಾಲುಗಳನ್ನು ನಿಮ್ಮತ್ತೆಗೆ ಓದಿ ಹೇಳಲು ಹೋದೆ. ಅರ್ಧಕ್ಕೇ ಕಾಗದ ಮಡಚಿದೆ. ಹೊಸ ಸೆಟ್ಟು ಒತ್ತುತ್ತಿದೆ ಎಂದು ಹೇಳಿ ಎದ್ದು ಹೋದೆ.

ಮಾವ